ಕಾಗದದ ಹಿಂದಿನ ಕೊಂಡಿ

"ಬೇರೇನಾದ್ರೂ ಮಾಡ್ಕೊಳಿ, ಒಳಗಿನ ರೂಮಿನ ಸೀಲಿಂಗ್ ಪೇಪರ್ ಮಾತ್ರ ಕೀಳ್ಬೇಡಿ."

ಮನೆಯ ಒಡತಿ ನೀಲಮ್ಮ ಮಹಡಿಯ ಬೀಗದ ಕೈ ಕೊಡುವಾಗಲೇ ಹೀಗೆ ಹೇಳಿದ್ದರು. ಕಾರಣವನ್ನೂ ಮುಚ್ಚಿಡಲಿಲ್ಲ. ಆ ಕಾಗದದ ಹಿಂದೆ ತೊಟ್ಟಿಲು ಕಟ್ಟುವ ಕೊಂಡಿಯಿದೆ, ಅದಕ್ಕೆ ಅವರ ವಾರಗಿತ್ತಿ ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿದ್ದಳಂತೆ. ಬಿಚ್ಚಲು ಯಾರಿಗೂ ಧೈರ್ಯ ಬರದೆ ಕಾಗದ ಅಂಟಿಸಿ ಮುಚ್ಚಿದರಂತೆ.

ಕೊಟ್ರೇಶ ಮೀಸೆಯೊಳಗೇ ನಕ್ಕ. ದಾವಣಗೆರೆಯಿಂದ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟ್ರು ಅವನು. ಮೂಡಲಪಾಳ್ಯದಲ್ಲಿ ಗಾಳಿ, ನೀರು ಎರಡೂ ಇರುವ ಮನೆ ಸಿಗುವಾಗ ಜೊತೆಗೊಂದು ಮಾಟವಿದ್ದರೆ ಇರಲಿ ಬಿಡು ಎಂದು ಹೆಂಡತಿ ಅನಘಾಳನ್ನು ನಗಿಸಿದ. ಕೆಳಗಡೆ ನೀಲಮ್ಮನ ಬಾಗಿಲ ಪಕ್ಕದಲ್ಲಿ ಒಂದು ರುಬ್ಬುಗುಂಡು ಇರುತ್ತಿತ್ತು. ಅವರು ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆ ಹಚ್ಚಿ, ಬಿಸಿನೀರೆರೆದು, ಉಲ್ಲನ್ ಕುಲಾವಿ ತೊಡಿಸಿ ಬಿಸಿಲಿಗೆ ಇಡುತ್ತಿದ್ದರು. ಮಿಕ್ಸಿ ಬಂದ ಮೇಲೆ ಗುಂಡಿಗೆ ಕೆಲಸವಿಲ್ಲ, ಪಾಪ, ಚಳಿಯಾಗುತ್ತದೆ ಎಂದು ಅದಕ್ಕೂ ಕೊಟ್ರೇಶ ಗೇಲಿ ಮಾಡಿದ.

ಆಸ್ಪತ್ರೆಗಳನ್ನು ವರ್ಷಗಟ್ಟಲೆ ಅಲೆದ ಮೇಲೆ ಕೊಟ್ರೇಶ, ಅನಘಾ ದಂಪತಿಗೆ ಗಂಡುಮಗು ಹುಟ್ಟಿತು. ಮಗು ಬಂದ ಮೇಲೆ ಆ ಕಾಗದ ಕೊಟ್ರೇಶನ ಕಣ್ಣಿಗೆ ಚುಚ್ಚತೊಡಗಿತು. ಕಡುನೀಲಿಯ ಮೇಲೆ ಬೆಳ್ಳಿ ನಕ್ಷತ್ರ. ತೇವ ಕುಡಿದು ಉಬ್ಬಿ, ಅಂಚಿನಲ್ಲೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಮಗು ಕೆಮ್ಮಲು ಶುರುಮಾಡಿದಾಗ ಡಾಕ್ಟರು ಬೂಷ್ಟಿನ ಮಾತೆತ್ತಿದರು. ಅಷ್ಟು ಸಾಕಾಯಿತು. ಹೆಸರಿಡುವ ಹಿಂದಿನ ದಿನ ಮಧ್ಯಾಹ್ನ ನೀಲಮ್ಮ ಮಲಗಿದ ಹೊತ್ತು ನೋಡಿಕೊಂಡು, ಬಾಣಂತಿಯನ್ನೂ ಮಗುವನ್ನೂ ನಡುಮನೆಗೆ ಕಳಿಸಿ, ಅವನು ಏಣಿ ಹತ್ತಿದ.

ಬಿಸಿನೀರು ಚಿಮುಕಿಸಿ, ಅಗಲ ಬ್ಲೇಡು ತೂರಿಸಿ ಎಳೆದ. ಕಾಗದ ಹಸಿ ಚರ್ಮದ ಹಾಗೆ ಸುಲಿದು ಬಂತು. ಅದರ ಹಿಂದೆ ಇನ್ನೊಂದು ಕಾಗದ, ಗುಲಾಬಿ ಹೂವಿನದು. ಅದರ ಹಿಂದೆ ಮತ್ತೊಂದು. ಮುಚ್ಚಿದ್ದು ಸಾಲದೆಂದು ಯಾರೋ ಮತ್ತೆ ಮತ್ತೆ ಮುಚ್ಚಿದ್ದರು. ಹಳೆಯ ಮೈದಾ ಅಂಟಿನ ವಾಸನೆ ಬರಬೇಕಿತ್ತು. ಬಂದದ್ದು ಒಡೆದ ಹಾಲಿನ ಹುಳಿವಾಸನೆ. ಒಂದು ಹನಿ ಅವನ ತುಟಿಯ ಮೇಲೆ ಬಿತ್ತು. ಚಿಮುಕಿಸಿದ ನೀರು ಆಗಲೇ ತಣ್ಣಗಾಗಿತ್ತು, ಹನಿ ಮಾತ್ರ ಬೆಚ್ಚಗಿತ್ತು. ನಾಲಿಗೆಗೆ ಸಿಹಿಯಾಗಿತ್ತು.

ಅವನು ಉಗಿದು ಬಾಯಿ ಒರೆಸಿಕೊಂಡ. ನಡುವಿನ ಕಾಗದ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಕಿಟಕಿಯ ಗಾಳಿ ಇರಬೇಕೆಂದುಕೊಂಡ. ಕಿಟಕಿ ಮುಚ್ಚಿತ್ತು. ಕಣ್ಣು ಮುಚ್ಚಿ ಕೊನೆಯ ಪದರ ಕಿತ್ತ.

ಕೊಂಡಿ ಕಾಣಿಸಿತು. ಅದಕ್ಕೆ ಕರಿದಾರ ಬಿಗಿದು, ಒಳಗೆ ಒಂದು ಎಳೆಗೂದಲಿನ ಉಂಡೆ, ತುಂಡಾದ ಉಡಿದಾರ ಸಿಕ್ಕಿಸಿದ್ದರು. ಬ್ಲೇಡು ಹಿಡಿದ ಕೈಯನ್ನು ಅವನು ಒಮ್ಮೆ ಹಿಂದಕ್ಕೆ ತೆಗೆದುಕೊಂಡ. ಆ ಅಳುಕಿಗೆ ನಾಚಿಕೊಂಡು ದಾರವನ್ನು ಕೊಯ್ದು ಕಸದ ಬುಟ್ಟಿಗೆ ಹಾಕಿದ. ಏಣಿ ಇಳಿಯುವಾಗ, ಏನನ್ನೂ ಹೊರದ ಕೊಂಡಿ ಮೇಲೆ ಕಿರ್ರ್ ಎಂದು ಸದ್ದು ಮಾಡಿತು.

ಮರುದಿನ ಬೆಳಿಗ್ಗೆ ಊರಿಂದ ಬಂದಿದ್ದ ಅವನ ತಾಯಿ ಬಸವ್ವ ಅದೇ ಕೊಂಡಿಗೆ ತೊಟ್ಟಿಲು ಕಟ್ಟಿಸಿದಳು. ಮಗುವಿಗಿಂತ ಮುಂಚೆ ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸಿ ತೂಗುವುದು ಅವರ ಪದ್ಧತಿ. ಅನಘಾಳ ಅಡುಗೆಮನೆಯಲ್ಲಿ ಕಲ್ಲೆಲ್ಲಿಂದ ಬರಬೇಕು? ನೀಲಮ್ಮ ದೇವಸ್ಥಾನಕ್ಕೆ ಹೋಗಿದ್ದರು. ಕೊಟ್ರೇಶ ಕೆಳಗಿಳಿದು, ಬಿಸಿಲಿಗಿಟ್ಟಿದ್ದ ಗುಂಡನ್ನು ಎತ್ತಿಕೊಂಡ. ಕುಲಾವಿಯನ್ನು ಕಿತ್ತು ಜೇಬಿಗೆ ತುರುಕಿದ.

ಬಸವ್ವ ಗುಂಡಿಗೆ ಬಟ್ಟೆ ಸುತ್ತಿ ಮಲಗಿಸಿದಳು. ಕೊಟ್ರೇಶನಿಗೆ ತುಂಟತನ ಉಕ್ಕಿತು. ಬಗ್ಗಿ ಕಲ್ಲಿನ ಪಕ್ಕೆಗೆ ಬಾಯಿಟ್ಟು, ಮಗನಿಗೆಂದು ಆರಿಸಿಟ್ಟಿದ್ದ ಹೆಸರನ್ನೇ ಉಸುರಿದ.

"ಶಿವಕಿರಣ."

"ಕೊಟ್ರಾ, ಕಲ್ಲಿಗೆ ಮಗನ ಹೆಸರು ಇಡಬಾರ್ದಪ್ಪಾ," ಎಂದು ಬಸವ್ವ ಮುಖ ಸಣ್ಣ ಮಾಡಿದಳು. "ಗುಂಡಪ್ಪ ಅನ್ಬೇಕು."

ಅವನು ನಗುತ್ತಲೇ ಕಲ್ಲನ್ನು ತೆಗೆದು ಚಾಪೆಯ ಮೇಲಿಟ್ಟ. ಮಗುವನ್ನು ಮಲಗಿಸಿದರು. ಹೆಂಗಸರು ಜೋಗುಳ ತೆಗೆದರು. ತೊಟ್ಟಿಲು ಒಮ್ಮೆ ತೂಗಿತು. ಕೊಂಡಿ ಕಿರುಗುಟ್ಟಿತು. ಹಾಲು ಒಡೆದ ವಾಸನೆ ಕೋಣೆ ತುಂಬಿತು.

ಅಳು ಕೇಳಿಸಿತು. ತೊಟ್ಟಿಲಿಂದಲ್ಲ. ಚಾಪೆಯಿಂದ.

ಜೋಗುಳ ನಿಂತಿತು. ಚಾಪೆಯ ಮೇಲಿನ ಬಟ್ಟೆ ಒದ್ದಾಡುತ್ತಿತ್ತು. ಅದರೊಳಗಿಂದ ಒಂದು ಪುಟ್ಟ ಕಾಲು ಹೊರಬಂತು. ಕೊಟ್ರೇಶ ತೊಟ್ಟಿಲಿಗೆ ಕೈ ಹಾಕಿದ. ಮಗ ತಣ್ಣಗಿದ್ದ. ಎತ್ತಿದ. ಭಾರ. ಕೈ ಜಗ್ಗುವಷ್ಟು ಭಾರ. ಕೆನ್ನೆ ಮುಟ್ಟಿದರೆ ಒರಟು ಕಲ್ಲು. ಕಣ್ಣು, ಮೂಗು, ತುಟಿ ಎಲ್ಲ ಮಗನವೇ. ಉಸಿರಿಲ್ಲ. ಅನಘಾ ಅವನನ್ನು ಮಡಿಲಿಗೆಳೆದುಕೊಂಡು ಕೆನ್ನೆ ಉಜ್ಜತೊಡಗಿದಳು.

ಬಾಗಿಲಲ್ಲಿ ನೀಲಮ್ಮ ನಿಂತಿದ್ದರು. ಅವರು ಬೋಳು ಸೀಲಿಂಗನ್ನು ನೋಡಿದರು, ಚಾಪೆಯನ್ನು ನೋಡಿದರು. ಓಡಿಬಂದು ಅಳುವ ಕೂಸನ್ನು ಎದೆಗವಚಿಕೊಂಡರು.

"ನನ್ ಮಗ. ಈ ಕೊಂಡೀಲಿ ತೂಗಿದ ದಿನವೇ ಕಲ್ಲಾಗಿಬಿಟ್ಟಿದ್ದ. ಎಣ್ಣೆ ಉಜ್ಜಿ ಉಜ್ಜಿ ಮುಖವೆಲ್ಲ ಸವೆದುಹೋಗಿತ್ತು," ಎಂದರು.

ಕೊಟ್ರೇಶ ಅವರ ಕಾಲಿಗೆ ಬಿದ್ದ. ವಿಜ್ಞಾನ, ಗೇಲಿ ಯಾವುದೂ ಅವನಲ್ಲಿ ಉಳಿದಿರಲಿಲ್ಲ.

"ಆಂಟಿ, ವಾಪಸ್ ಮಲಗ್ಸಿ. ಇನ್ನೊಂದ್ಸಲ ತೂಗೋಣ. ನನ್ ಮಗು ನನಗೆ ಕೊಡಿ."

ನೀಲಮ್ಮ ಅತ್ತರು. ಆದರೆ ಕೈ ಸಡಿಲಿಸಲಿಲ್ಲ.

"ನೀವಾಗಿದ್ರೆ ಕೊಡ್ತಿದ್ರಾ?"

ಬಾಗಿಲು ದಾಟುವಾಗ ನೀಲಮ್ಮ ತಿರುಗಿ, ದಿನಾ ಎಣ್ಣೆ ಹಚ್ಚಿ ಬಿಸಿಲಿಗಿಡಬೇಕು, ಕುಲಾವಿ ಮರೆಯಬಾರದು ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದರು.

ಕೊಟ್ರೇಶ ಜೇಬಿನಿಂದ ಕುಲಾವಿ ತೆಗೆದ. ಮಗನ ತಣ್ಣನೆಯ ತಲೆಗೆ ತೊಡಿಸಿದ. ಕಿವಿಗೆ ಬಾಯಿಟ್ಟು ಮೊದಲ ಸಲ ಮಗನನ್ನು ಹೆಸರು ಹಿಡಿದು ಕರೆದ.

"ಶಿವಕಿರಣ."

ಕೆಳಗಿನ ಮನೆಯಲ್ಲಿ ಅಳುತ್ತಿದ್ದ ಕೂಸು, ಕರೆದದ್ದು ಕೇಳಿಸಿದಂತೆ, ಅಳು ನಿಲ್ಲಿಸಿತು.