ಬೊಂಬಾಯಿ ಬೋರ್ಡು

೧೯೮೬ರ ಮಾರ್ಚ್ ೧೪, ಶುಕ್ರವಾರ. ಸಂಜೆ ೪ ಗಂಟೆ ೨೦ ನಿಮಿಷಕ್ಕೆ ಬೆಟಗೇರಿಯ ಠಾಣೆಗೆ ಬಂದ ಚನ್ನಬಸವಣ್ಣ ನಿಂತುಕೊಂಡೇ ದೂರು ಹೇಳಿದ. ಬಸ್ ನಿಲ್ದಾಣದ ಹತ್ತಿರ ಅವನದೊಂದು ಆಟದ ಅಂಗಡಿ. ಅಲ್ಲಿದ್ದದ್ದು ಒಂದೇ ಯಂತ್ರ: ಸ್ಪ್ರಿಂಗ್ ಎಳೆದು ಉಕ್ಕಿನ ಗುಂಡು ಹಾರಿಸುವ ಹಳೆಯ ಪಿನ್‌ಬಾಲ್. ಒಂದೂವರೆಗೆ ಊಟಕ್ಕೆ ಹೋಗಿ ಮೂರೂವರೆಗೆ ಬಂದರೆ ಯಂತ್ರದೊಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡು ಮಾಯ.

"ಬೊಂಬಾಯಿಂದ ತರಿಸಿದ್ದ ಹೊಸಾ ಬೋರ್ಡರಿ. ಜಲ್ದಿ ಹಿಡೀರಿ ಅವನ್ನ."

ಪಿಎಸ್‌ಐ ಹೇಮಪ್ಪ ಎಫ್‌ಐಆರ್ ದಾಖಲಿಸಿ, ಪೇದೆ ಮಂಜವ್ವಳೊಡನೆ ಐದು ಗಂಟೆಗೆ ಅಂಗಡಿ ತಲುಪಿದರು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆರಂಭವಾಯಿತು. ಹಿತ್ತಲ ಬಾಗಿಲ ಚಿಲಕ ಕಿತ್ತುಹೋಗಿತ್ತು. ಆದರೆ ಯಂತ್ರದೊಳಗೆ ಒಂದು ತಂತಿಯೂ ಹರಿದಿರಲಿಲ್ಲ. ಬಿಚ್ಚಿದ ಒಂದೊಂದು ತಂತಿಗೂ ಒಂದೊಂದು ಬಣ್ಣದ ನೂಲು ಕಟ್ಟಿತ್ತು.

"ಮತ್ತ ಜೋಡ್ಸೂವಾಗ ತಪ್ಪಬಾರ್ದಂತ ಕಟ್ಟ್ಯಾರ್ರಿ ಸಾಹೇಬ್ರ. ಕೆಲಸ ಬಲ್ಲವ್ರ ಕೈ ಇದು," ಎಂದಳು ಮಂಜವ್ವ.

ಮೇಜಿನ ಕೆಳಗೆ ಬೊಂಬಾಯಿ ಪಾರ್ಸಲ್ಲಿನ ಡಬ್ಬಿಯಿತ್ತು. ಅದರಲ್ಲೊಂದು ಬೋರ್ಡು, ಮೂಲೆ ಸುಟ್ಟು ಕಪ್ಪಾಗಿತ್ತು.

"ತರಿಸಿದ್ದು ಎಷ್ಟು ಬೋರ್ಡು?" ಹೇಮಪ್ಪ ಚನ್ನಬಸವಣ್ಣನನ್ನು ಕೇಳಿದರು.

"ಒಂದ."

"ಅದು ಇಲ್ಲೇ ಸುಟ್ಟು ಬಿದ್ದೈತಿ. ಕಳುವಾಗಿದ್ದು ಯಾವುದು?"

"ಕಳ್ಳನ್ನ ಹಿಡಿಯೂದು ಬಿಟ್ಟು ನನ್ನ ಯಾಕ ಕೇಳ್ತೀರಿ?"

"ಕೇಳಿದ್ದಕ್ಕ ಹೇಳ್ರಿ. ಈ ಮಶೀನ ಮೊದ್ಲ ರಿಪೇರಿ ಮಾಡಿದವರು ಯಾರು?"

"ಲಕ್ಷ್ಮೇಶ್ವರದಾಕಿ ಒಬ್ಬಾಕಿ, ಹಾಜಿರಾಬಿ ಅಂತ. ಹೆಂಗಸು, ಆಕಿಗೇನ್ ತಿಳೀತೈತಿ? ಕೆಡಿಸಿಟ್ಟಿದ್ಲು."

ಮರುದಿನ ಬೆಳಿಗ್ಗೆ ೧೦.೧೫ಕ್ಕೆ ಇಬ್ಬರೂ ಲಕ್ಷ್ಮೇಶ್ವರದಲ್ಲಿದ್ದರು. ಹಾಜಿರಾಬಿ ವಿಧವೆ, ಗಂಡನಿಂದ ಕಲಿತ ರೇಡಿಯೋ ರಿಪೇರಿಯನ್ನು ಮನೆಯ ಪಡಸಾಲೆಯಲ್ಲೇ ನಡೆಸುತ್ತಿದ್ದಳು. ಮಂಜವ್ವ ಕಪಾಟು ತೆರೆದಾಗ ಬೋರ್ಡು ಟವೆಲಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಹಾಜಿರಾಬಿ ಕೂತಲ್ಲಿಂದ ಏಳಲಿಲ್ಲ.

"ಯಾಕ ಕದ್ದಿ?" ಹೇಮಪ್ಪ ಕೇಳಿದರು.

"ಬೋರ್ಡ್ ಕೆಟ್ಟಾಗ ಯಾವುದು ಹಾಕಲಿ ಅಂತ ನನ್ನ ಕೇಳಿದವ ಅವನ. ಬೊಂಬಾಯಿದು ಬ್ಯಾರೆ ಮಶೀನಿಂದು, ಹಾಕಿದ್ರ ಸುಡತೈತಿ ಅಂದೆ. ಬ್ಯಾಟರಿ ಸೋರಿ ತಿಂದಿದ್ದ ಹಳೇ ಬೋರ್ಡನ್ನ ಎಂಟು ದಿನ ಕುಂತು ಸುದ್ದ ಮಾಡಿಕೊಟ್ಟೆ. ಹೆಂಗಸು ಮುಟ್ಟಿದ್ದು ಬ್ಯಾಡಂತ ಬೊಂಬಾಯಿದ ತರಿಸಿದ. ನಾ ಕೆಡಿಸಿದೆ ಅಂತ ಕಂಡಕಂಡವರಿಗೆ ಹೇಳಿದ. ಎರಡು ತಿಂಗಳಾತು, ಒಬ್ರೂ ನನ್ನ ಕಡೆ ರೇಡಿಯೋ ತಂದಿಲ್ಲ."

"ಮಶೀನಿನ್ಯಾಗ ನಿನ್ನ ಬೋರ್ಡ ಐತಿ ಅಂತ ಹೆಂಗ ತಿಳೀತು?"

"ಮೊನ್ನಿ ಸಾಮಾನು ತರಾಕ ಬೆಟಗೇರಿಗೆ ಹೋಗಿದ್ದೆ. ಮಶೀನ ಓಡ್ತಿತ್ತು. ಬೊಂಬಾಯಿ ಬೋರ್ಡಿನ ಮ್ಯಾಲೆ ಅದು ಓಡಾಕ ಸಾಧ್ಯನ ಇಲ್ಲ. ಒಳಗ ಹೋಗಿ, ಇದು ನಾ ಮಾಡಿದ್ದಲ್ಲನು ಅಂತ ಕೇಳಿದೆ. 'ನಿಂದು ಗಟಾರದಾಗ ಬಿದ್ದೈತಿ, ಹುಡುಕ್ಕೋ ಹೋಗು' ಅಂದ. ಆಡಾಕ ಬಂದ ಮಂದಿ ನಕ್ಕರು."

"ಬೋರ್ಡ್ ಅವಂದು. ನೀ ಮಾಡಿದ್ದು ಕಳುವು."

"ಗೊತ್ತೈತಿ. ಬರಕೋರಿ."

ಜಪ್ತಿ ಪಂಚನಾಮೆ ಮುಗಿಸಿ ೧೧.೪೦ಕ್ಕೆ ಅವಳನ್ನು ಬಾಗಿಲು ಮುರಿದು ನುಗ್ಗಿ ಕದ್ದ ಆರೋಪದ ಮೇಲೆ ಭಾ.ದಂ.ಸಂ. ಕಲಂ ೪೫೪, ೩೮೦ರ ಅಡಿ ಬಂಧಿಸಲಾಯಿತು.

ಮಧ್ಯಾಹ್ನ ಮೂರಕ್ಕೆ ಮಾಲು ಗುರುತಿಸಲು ಠಾಣೆಗೆ ಬಂದ ಚನ್ನಬಸವಣ್ಣ ಬೋರ್ಡು ಕಂಡದ್ದೇ ಕೈ ಚಾಚಿದ. ಹೇಮಪ್ಪ ಅದನ್ನು ಹಿಂದಕ್ಕೆ ಸರಿಸಿದರು.

"ದೂರಿನ್ಯಾಗ ಬೊಂಬಾಯಿ ಹೊಸಾ ಬೋರ್ಡ್ ಅಂತ ಐತಿ. ಇದು ಅದ ಏನು? ಖರೆ ಹೇಳ್ರಿ. ಸುಳ್ಳು ದೂರಿಗೆ ಬ್ಯಾರೆ ಕೇಸ್ ಹಾಕಬೇಕಾಕ್ಕೈತಿ."

ಚನ್ನಬಸವಣ್ಣ ಗೋಡೆಯ ಬದಿಗೆ ಕೂತಿದ್ದ ಹಾಜಿರಾಬಿಯನ್ನು ದುರುಗುಟ್ಟಿ ನೋಡಿದ. "ಹಳೇದರಿ."

"ಸುದ್ದ ಮಾಡಿದವರು ಯಾರು?"

ಅವನು ದನಿ ತಗ್ಗಿಸಿದ.

"ಆಕಿನರಿ. ಬೊಂಬಾಯಿದು ಹಾಕಿದ ದಿನಾನ ಸುಟ್ಟಿತು. ಅದಕ್ಕ ಆಕಿ ಮಾಡಿದ್ದನ್ನ ತಿರುಗಿ ಹಾಕಿದ್ದೆ."

ಹೇಮಪ್ಪ ಅಷ್ಟನ್ನೂ ಬರೆದುಕೊಂಡು ಸಹಿ ಹಾಕಿಸಿದರು. ಆಟಕ್ಕೆ ಬಂದ ಮಂದಿಯ ಎದುರು ಅವನು ಇಷ್ಟನ್ನು ಒಪ್ಪಿಕೊಂಡಿದ್ದರೆ ತಾನು ಆ ಅಂಗಡಿಗೆ ನುಗ್ಗುತ್ತಿರಲಿಲ್ಲ ಎಂದು ಹಾಜಿರಾಬಿ ತನ್ನ ಹೇಳಿಕೆಯಲ್ಲಿ ಬರೆಸಿದ್ದಳು. ಈಗ ಆ ಮಾತು ಕೇಳಿಸಿಕೊಂಡವರು ಮೂವರೇ: ಹೇಮಪ್ಪ, ಮಂಜವ್ವ, ಮತ್ತು ಅವಳು. ನಾಲ್ಕು ಗಂಟೆಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು.