ಕಾಫಿ ಮೂಲೆಗೆ ಜನ ಯಾಕೆ ಬರುತ್ತಾರೆ

"ಆದರೆ..." ಎಂದ ಹಿಂದಿನ ಸಾಲಿನಲ್ಲಿ ಕೂತಿದ್ದ ಮನುಷ್ಯ.

ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಮೀಟಿಂಗ್ ಕೋಣೆಯ ಗೋಡೆಯ ಮೇಲೆ, ಆಗಷ್ಟೇ ಮಾತು ಮುಗಿಸಿದ್ದ ಅವಳ ಗ್ರಾಫ್ ಬೆಳಗುತ್ತಿತ್ತು. ಅಂಗಡಿಯೊಳಗಿನ ಕಾಫಿ ಮೂಲೆಯಲ್ಲಿ ಕೂತು ಒಂದು ಕಪ್ ಕುಡಿದ ಗಿರಾಕಿ, ಕುಡಿಯದೆ ಹೋದವನಿಗಿಂತ ಒಂದೂವರೆ ಪಟ್ಟು ಸಾಮಾನು ಕೊಳ್ಳುತ್ತಾನೆ ಎಂದು ಅದು ಹೇಳುತ್ತಿತ್ತು. ಕಂಪನಿಗೆ ಊರ ತುಂಬ ಅಂಗಡಿಗಳು. ಪಾತ್ರೆ, ದೀಪ, ದಿಂಬು, ಮನೆಗೆ ಬೇಕಾದ್ದೆಲ್ಲ ಸಿಗುವಂಥವು. ಕಾಫಿ ಮೂಲೆ ಇದ್ದದ್ದು ಮಾತ್ರ ಒಂದರಲ್ಲಿ. ಅದನ್ನು ಎಲ್ಲ ಕಡೆ ತೆರೆಯುವುದೋ, ಇರುವ ಒಂದನ್ನೂ ಮುಚ್ಚುವುದೋ ಎಂದು ಡೈರೆಕ್ಟರ್ ತೀರ್ಮಾನಿಸಬೇಕಿತ್ತು.

"ಆದರೆ, ಕಾಫಿ ಕುಡೀತಾ ಕೂರೋರಿಗೆ ಪುರುಸೊತ್ತಿರುತ್ತೆ. ಪುರುಸೊತ್ತಿರೋರು ಕಾಫಿ ಇಲ್ದಿದ್ರೂ ಜಾಸ್ತಿ ಕೊಳ್ತಾರೆ. ಬಸ್‌ಸ್ಟಾಪಲ್ಲಿ ಜನ ತುಂಬಿರೋ ದಿನ ಬಸ್ಸು ಲೇಟಾಗಿರುತ್ತೆ. ಹಾಗಂತ ಜನ ನಿಂತಿದ್ದಕ್ಕೇ ಬಸ್ಸು ಲೇಟಾಯ್ತು ಅನ್ನೋಕಾಗುತ್ತಾ?"

ಎಲ್ಲರೂ ನಕ್ಕರು. ಡೈರೆಕ್ಟರ್ ಕೂಡ ನಕ್ಕರು. ಅವಳ ಕಿವಿಗಳು ಕೆಂಪಾದವು.

ಅವನು ಆರು ತಿಂಗಳ ಕರಾರಿನ ಮೇಲೆ ಹೊರಗಿನಿಂದ ಬಂದಿದ್ದ ಅರ್ಥಶಾಸ್ತ್ರಜ್ಞ. ಬಾಯಿ ತೆರೆದರೆ ಮೊದಲು ಹೊರಡುತ್ತಿದ್ದದ್ದೇ ಆ ಒಂದು ಪದ. ಸಂಜೆಯೊಳಗೆ ಆಫೀಸು ಅವನಿಗೆ 'ಆದರೆ' ಎಂದೇ ನಾಮಕರಣ ಮಾಡಿ ಮುಗಿಸಿತ್ತು. ಅಂಕಿಅಂಶ ವಿಭಾಗದ ಅವಳಿಗೂ ಅಲ್ಲಿ ಒಂದು ಅಡ್ಡಹೆಸರಿತ್ತು: ಸರಾಸರಿ ಮೇಡಂ. ಊಟ ಹೇಗಿತ್ತು ಎಂದು ಕೇಳಿದರೂ "ಸರಾಸರಿ" ಅನ್ನುವವಳು ಅವಳು.

ಜನ ನಕ್ಕದ್ದು ಅವಳಿಗೆ ಅಷ್ಟೇನೂ ನೋಯಲಿಲ್ಲ. ಅವನು ಹೇಳಿದ ಮಾತೇ ಹಿಂದಿನ ದಿನದವರೆಗೆ ಗ್ರಾಫಿನ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅವಳೇ ಬರೆದದ್ದು. "ಇದೆಲ್ಲ ಯಾಕಮ್ಮಾ, ಓದೋರಿಗೆ ತಲೆನೋವು" ಎಂದು ಡೈರೆಕ್ಟರ್ ತೆಗೆಸಿಹಾಕಿದ್ದರು. ಅದನ್ನು ಎಲ್ಲರೆದುರು ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತದೆಂದು ಸುಮ್ಮನೆ ಕೂತಳು. ಆ ಸಂಕಟವೇ ಅವಳನ್ನು ಮನೆಯವರೆಗೂ ಕೊರೆಯಿತು.

ಅಮ್ಮ ಊಟದ ಮೇಜಿನ ಮೇಲೆ ಪದಬಂಧ ಹರಡಿಕೊಂಡು ಕೂತಿದ್ದರು.

"ಬಸ್‌ಸ್ಟಾಪಂತೆ," ಅವಳು ಚೀಲ ಕುಕ್ಕಿದಳು.

"ನೋಡೋಕೆ ಹೇಗಿದ್ದಾನೆ?"

"ಯಾರು ನೋಡಿದ್ರು? ಎಡಗಡೆ ಹುಬ್ಬು ಒಂಚೂರು ಮೇಲಿದೆ. ಕನ್ನಡಕ ಒರೆಸೋಕೆ ಅಂಗಿ ತುದಿ ಎಳ್ಕೋತಾನೆ. ನಗು ಬಂದ್ರೆ ಕೆಳತುಟಿ ಕಚ್ಕೋತಾನೆ. ನಾನೇನು ನೋಡ್ತಾ ಕೂತಿರ್ಲಿಲ್ಲ."

"ಅದು ಗೊತ್ತಾಯ್ತು," ಎಂದು ಅಮ್ಮ ಪದಬಂಧಕ್ಕೆ ಮರಳಿದರು.

ಡೈರೆಕ್ಟರ್ ಸುಲಭದ ದಾರಿ ಹುಡುಕಿದರು. "ಇಬ್ಬರೂ ಸೇರಿ ಪರೀಕ್ಷೆ ಮಾಡಿ. ಆಮೇಲೆ ನನ್ನ ಹತ್ತಿರ ಒಂದೇ ಉತ್ತರ ತನ್ನಿ."

ಪರೀಕ್ಷೆ ಸರಳವಾಗಿತ್ತು. ಪ್ರತಿ ಬೆಳಿಗ್ಗೆ ನಾಣ್ಯ ಚಿಮ್ಮುವುದು. ಹೆಡ್ಸ್ ಬಿದ್ದರೆ ಕಾಫಿ ಮೂಲೆ ತೆರೆಯುವುದು, ಇಲ್ಲದಿದ್ದರೆ ಮುಚ್ಚುವುದು. ಕೊನೆಗೆ ಎರಡು ಬಗೆಯ ದಿನಗಳ ವ್ಯಾಪಾರವನ್ನು ಹೋಲಿಸುವುದು. ದಿನಗಳನ್ನು ತಾವೇ ಆರಿಸಿದರೆ ತಮಗೆ ಬೇಕಾದ ಉತ್ತರ ಕೊಡುವ ದಿನಗಳನ್ನೇ ಆರಿಸಿಕೊಂಡುಬಿಡುತ್ತೇವೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ಅಭಿಪ್ರಾಯವಿತ್ತು.

ಅವಳು ಒಂದು ಷರತ್ತು ಹಾಕಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಶುರುಮಾಡಿದ.

"ಆದರೆ, ಮುಚ್ಚಿದ ದಿನಾನೂ ಅಲ್ಲಿ ಕೆಲಸ ಮಾಡೋರಿಗೆ ಪೂರ್ತಿ ಸಂಬಳ ಸಿಗಬೇಕು. ನಮ್ಮ ಅನುಮಾನಕ್ಕೆ ಅವರು ಯಾಕೆ ಉಪವಾಸ ಬೀಳಬೇಕು?"

ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ಆ ಪದವನ್ನು ಒಳ್ಳೆಯದಕ್ಕೂ ಬಳಸುತ್ತಾನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮೂಲೆಯನ್ನು ನಡೆಸುತ್ತಿದ್ದವರು ದಪ್ಪ ದನಿಯ, ಅಗಲ ನಗುವಿನ ಹೆಂಗಸು. ಅಂಗಡಿಯವರೆಲ್ಲ ಕಾಫಿ ಅಕ್ಕ ಎನ್ನುತ್ತಿದ್ದರು. ಮೊದಲ ಬೆಳಿಗ್ಗೆ ನಾಣ್ಯ ಮೇಲೆ ಹಾರುವುದನ್ನು ಸೊಂಟಕ್ಕೆ ಕೈಕೊಟ್ಟು ನೋಡಿದರು.

"ನನ್ನ ಹೊಟ್ಟೆಪಾಡು ಅದೃಷ್ಟದ ಮೇಲೆ ನಿಂತಿದೆ ಅಂತ ಗೊತ್ತಿತ್ತು. ಇಷ್ಟು ನೇರವಾಗಿ ಅಂತ ಗೊತ್ತಿರಲಿಲ್ಲ," ಎಂದರು.

ಕಾಫಿ ಮೂಲೆಗೆ ಎದುರಾಗಿ, ದಿಂಬುಗಳ ಗುಡ್ಡೆಗೂ ದೀಪಗಳ ಸಾಲಿಗೂ ನಡುವೆ ಎರಡು ಎತ್ತರದ ಸ್ಟೂಲ್ ಹಾಕಿಕೊಂಡು ಇಬ್ಬರೂ ಕೂತರು. ಯಾರು ಬಂದರು, ಎಷ್ಟು ಹೊತ್ತು ಇದ್ದರು, ಏನು ಕೊಂಡರು, ಎಲ್ಲ ಗುರುತು ಮಾಡಬೇಕು. ಮೊದಮೊದಲು ಅವರ ನಡುವೆ ಕೆಲಸದ ಮಾತಷ್ಟೇ ಇತ್ತು. ಆಮೇಲೆ ವಾದ ಶುರುವಾಯಿತು. ಒಂದು ಮಗುವನ್ನು ಗಿರಾಕಿ ಎಂದು ಲೆಕ್ಕ ಹಿಡಿಯಬೇಕೇ? ಗಂಡನನ್ನು ಹೊರಗೆ ನಿಲ್ಲಿಸಿ ಒಳಗೆ ಬಂದ ಹೆಂಡತಿ ಒಬ್ಬಳೋ, ಒಂದು ಕುಟುಂಬವೋ? ಸಾಮಾನು ಎತ್ತಿ, ಬೆಲೆ ನೋಡಿ, ಅದೇ ಜಾಗದಲ್ಲಿ ಇಟ್ಟುಹೋದವನ ಆಸೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

"ಆಸೆಗೆ ಕಾಲಮ್ ಇಲ್ಲ," ಅವಳೆಂದಳು.

"ಆದರೆ ಇರಬೇಕಿತ್ತು."

ಒಂದು ದಿನ ಅವಳು ದನಿ ತಗ್ಗಿಸಿ, "ಆ ನೀಲಿ ಕೋಟಿನವರು ದಿಂಬು ತಗೋತಾರೆ," ಎಂದಳು.

"ಆದರೆ ಅವರು ದೀಪ ನೋಡ್ತಿದ್ದಾರೆ."

"ನೋಡಲಿ."

ನೀಲಿ ಕೋಟಿನವರು ದೀಪಗಳನ್ನು ಒಂದು ಸುತ್ತು ಹಾಕಿ ಬಂದು, ಎರಡು ದಿಂಬು ಬಗಲಲ್ಲಿಟ್ಟುಕೊಂಡು ಬಿಲ್ ಮಾಡಿಸಲು ಹೋದರು. ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಹುಬ್ಬು ಮಾಮೂಲಿಗಿಂತ ಮೇಲೇರಿತ್ತು.

"ಇದು ಯಾವ ಸೂತ್ರ?"

"ಅವರ ಕುತ್ತಿಗೆ ಒಂದು ಕಡೆ ವಾಲಿತ್ತು. ಇವತ್ತು ನನ್ನದೂ ಹಾಗೇ ಇದೆ. ರಾತ್ರಿ ದಿಂಬು ಸರಿ ಇರ್ಲಿಲ್ಲ."

ಅವನ ಕಣ್ಣು ಅವಳ ಕುತ್ತಿಗೆಯ ಮೇಲೆ ಹೋಯಿತು. ಹೋದಷ್ಟೇ ಬೇಗ ಕಾಗದಕ್ಕೆ ಮರಳಿ ಬಂತು. ಪೆನ್ಸಿಲ್ ಏನನ್ನೋ ಗೀಚಿತು.

"ಆ ಸಂಖ್ಯೆ ಈ ಕಡೆ ಬರಬೇಕು," ಎಂದು ಅವಳು ಬೆರಳಿಟ್ಟು ತೋರಿಸಿದಳು. ಅವನು ಬೆರಳನ್ನು ನೋಡಿದ, ಸಂಖ್ಯೆಯನ್ನಲ್ಲ. ಅವಳು ಬೆರಳು ತೆಗೆಯಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಳು.

ಆ ವಾರವೇ ಅವನು ಹಳೆಯ ಕಡತಗಳನ್ನು ಕೇಳಿ ಪಡೆದಿದ್ದ. ಮರುದಿನ ಬಂದವನು ಸ್ಟೂಲಿನ ಮೇಲೆ ಕೂರಲಿಲ್ಲ.

"ಗ್ರಾಫಿನ ಕೆಳಗಿದ್ದ ಸಣ್ಣ ಅಕ್ಷರ ನೋಡಿದೆ. ನಾನು ಹೇಳಿದ್ದನ್ನ ನೀವು ನನಗಿಂತ ಮೊದಲೇ ಬರೆದಿದ್ರಿ. ಅವತ್ತು ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚೆನ್ನಾಗಿ ಹೇಳ್ತಾ ಇದ್ರಿ."

"ತಪ್ಪಾಯ್ತು. ಎಲ್ಲರೆದುರು ನಗಿಸಿಬಿಟ್ಟೆ." ಅವನು ನಿಂತೇ ಇದ್ದ. ಮುಂದೆ 'ಆದರೆ' ಬರಬಹುದೆಂದು ಅವಳು ಕಾದಳು. ಬರಲಿಲ್ಲ.

ಅಂದು ಊಟಕ್ಕೆ ಕೂತಾಗ ಅವಳು ಅವನ ಸುದ್ದಿಯನ್ನೇ ಎತ್ತಲಿಲ್ಲ. "ಯಾಕೆ, ಇವತ್ತು ಬೈಯೋಕೆ ಏನೂ ಸಿಗಲಿಲ್ವಾ?" ಎಂದು ಅಮ್ಮ ಕೇಳಿದರು. ಅವಳು ಸಾರು ಬಡಿಸಿಕೊಂಡಳು.

ಆಮೇಲೆ ಅವನ ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಒಂದು ವಾರದ ಮಟ್ಟಿಗೆ ಅವನು ಊರಿಗೆ ಹೋದ.

ನಾಣ್ಯವನ್ನು ಅವಳೊಬ್ಬಳೇ ಚಿಮ್ಮಿದಳು. ಮೂಲೆ ತೆರೆದ ದಿನವೂ ಅಂಗಡಿ ಭಣಗುಡುತ್ತಿತ್ತು. ತನ್ನ ಮನಸ್ಸೇ ಸರಿಯಿಲ್ಲ ಎಂದುಕೊಂಡಳು. ಒಬ್ಬಳ ಮನಸ್ಸನ್ನು ನಂಬಿ ತೀರ್ಮಾನಕ್ಕೆ ಬರುವ ಅಭ್ಯಾಸ ಅವಳಿಗಿರಲಿಲ್ಲವಾದ್ದರಿಂದ ಮಧ್ಯಾಹ್ನ ಕೂತು ವ್ಯಾಪಾರದ ಅಂಕಿಗಳನ್ನು ತೆಗೆದಳು. ಅವನಿಲ್ಲದ ದಿನಗಳನ್ನು ಬೇರೆ ಮಾಡಿ ನೋಡಿದಳು. ಭಣಗುಟ್ಟಿದ್ದು ನಿಜವೇ ಆಗಿತ್ತು. ಇಬ್ಬರೂ ಕೂತಿದ್ದ ದಿನಗಳಲ್ಲಿ ಕಾಫಿ ಇದ್ದಾಗ ವ್ಯಾಪಾರ ಜೋರು. ಅವನಿಲ್ಲದಾಗ ಕಾಫಿ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ.

ಕಾರಣ ಹೊಳೆಯಲಿಲ್ಲ. ಅದನ್ನು ಹೇಳಿದವರು ನಿವೃತ್ತ ದಂತವೈದ್ಯೆಯೊಬ್ಬರು. ಎರಡು ದಿನಕ್ಕೊಮ್ಮೆಯಾದರೂ ಬರುವ ಗಿರಾಕಿ. ಬಾಗಿಲಲ್ಲೇ ನಿಂತು ಖಾಲಿ ಸ್ಟೂಲನ್ನು ನೋಡಿ ಹಿಂದೆ ತಿರುಗಿದರು.

"ಇವತ್ತೂ ಬಂದಿಲ್ವಾ ಅವರು? ಹಾಗಾದ್ರೆ ಬಂದ ಮೇಲೆ ಬರ್ತೀನಿ."

"ಕಾಫಿ ಇದೆಯಲ್ಲ ಡಾಕ್ಟ್ರೇ?"

"ಕಾಫಿ ಮನೇಲೂ ಇದೆ ಮಗಳೇ. ನಿಮ್ಮಿಬ್ಬರ ಜಗಳ ಮನೇಲಿಲ್ಲ."

ಅವಳು ತಿರುಗಿ ನೋಡಿದಾಗ ಕಾಫಿ ಅಕ್ಕ ಒಣಗಿದ ಕಪ್ಪನ್ನೇ ಮತ್ತೆ ಒರೆಸುತ್ತಿದ್ದರು.

"ಅಕ್ಕಾ?"

"ಬರೋರಲ್ಲಿ ಅರ್ಧ ಜನ ಅದಕ್ಕೇ ಬರೋದು. ಕೂತು ನೋಡೋಕೆ ಒಂದು ಕಾಫಿ ತಗೋತಾರೆ. ಇಷ್ಟು ಹೊತ್ತು ಕೂತೆವಲ್ಲ ಅಂತ ದಾಕ್ಷಿಣ್ಯಕ್ಕೆ ಹೋಗ್ತಾ ಏನಾದ್ರೂ ಕೊಳ್ತಾರೆ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅವಳು ಸ್ಟೂಲಿನ ಮೇಲೆ ಕುಸಿದಳು. ಮೈಯೆಲ್ಲ ನಾಚಿಕೆ, ಅದರ ಕೆಳಗೆಲ್ಲೋ ಒಂದು ಖುಷಿ. ಎರಡನ್ನೂ ಬದಿಗೆ ಸರಿಸಿದ ಮೇಲೆ ನಿಜವಾದ ಕಷ್ಟ ಕಂಡಿತು. ಅಂಕಿಗಳನ್ನು ಇದ್ದ ಹಾಗೇ ಕೊಟ್ಟರೆ ಕಾಫಿ ಗೆದ್ದ ಹಾಗೆ. ಅವಳ ಗ್ರಾಫು ಗೆಲ್ಲುತ್ತಿತ್ತು, ಅಕ್ಕನ ಕೆಲಸ ಉಳಿಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಕಂಪನಿ ಎಲ್ಲ ಅಂಗಡಿಗಳಲ್ಲೂ ಮೂಲೆ ತೆರೆದು, ಹತ್ತಾರು ಜನರನ್ನು ಕೆಲಸಕ್ಕೆ ಕರೆದು, ಲಾಭ ಕಾಣದೆ ಎಲ್ಲರನ್ನೂ ಮನೆಗೆ ಕಳಿಸುವುದು ಖಂಡಿತವಿತ್ತು.

"ನಾನು ನಿಜ ಹೇಳಿದ್ರೆ ನಿಮ್ಮ ಮೂಲೆ ಮುಚ್ಚಿದ್ರೂ ಮುಚ್ಚಬಹುದು ಅಕ್ಕಾ."

ಕಾಫಿ ಅಕ್ಕ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಮುಚ್ಚೋದಾದ್ರೆ ಒಂದು ದಿನ ಮುಂಚೆ ಹೇಳಿ. ಸುಮ್ನೆ ಮೆಷಿನ್ ತೊಳೆದು ಯಾಕೆ ಸುಸ್ತಾಗ್ಲಿ," ಎಂದರು. ನಗು ಅಗಲವಾಗಿಯೇ ಇತ್ತು. ಒರೆಸುವ ಕೈ ಮಾತ್ರ ನಿಂತಿತ್ತು.

ಅವನು ಹಿಂತಿರುಗಿ ಬಂದ ದಿನ ನಾಣ್ಯ ಮೂಲೆಯನ್ನು ಮುಚ್ಚಿಸಿತ್ತು. ಅಂಗಡಿಯಲ್ಲಿ ಜನ ಕಡಿಮೆ. ಅವಳು ಅವನನ್ನು ದೀಪಗಳ ಸಾಲಿನ ಕೊನೆಗೆ ಕರೆದುಕೊಂಡು ಹೋದಳು. ಅಲ್ಲಿ ನೂರು ಬಲ್ಬಿನ ಬೆಳಕಿತ್ತು, ಮುಖ ಮರೆಸಿಕೊಳ್ಳಲು ಜಾಗವಿರಲಿಲ್ಲ.

"ಒಂದು ವಿಷಯ ಹೇಳಬೇಕು. ನಗಬಾರದು. ಇಲ್ಲಿಗೆ ಜನ ಕಾಫಿಗೆ ಬರ್ತಿಲ್ಲ. ನಮ್ಮನ್ನ ನೋಡೋಕೆ ಬರ್ತಿದ್ದಾರೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿ ಎಳೆದುಕೊಂಡ. ಬಹಳ ಹೊತ್ತು ಒರೆಸಿದ.

"ಗೊತ್ತು," ಎಂದ.

"ಯಾವಾಗಿಂದ?"

"ದಿಂಬಿನವರನ್ನ ಊಹೆ ಮಾಡಿದ್ರಲ್ಲ, ಅವತ್ತಿಂದ. ತಲೆ ಎತ್ತಿ ನೋಡಿದ್ರೆ ಮೂಲೆಯಲ್ಲಿ ಕೂತೋರೆಲ್ಲ ನಮ್ಮನ್ನೇ ನೋಡಿ ನಗ್ತಿದ್ರು."

"ಮತ್ಯಾಕೆ ಹೇಳಲಿಲ್ಲ? ಪ್ರಪಂಚದಲ್ಲಿ ಎಲ್ಲದಕ್ಕೂ ಅನುಮಾನ ಪಡೋರು ನೀವು."

"ಹೇಳಿದ್ರೆ ಪರೀಕ್ಷೆ ಅಲ್ಲಿಗೇ ನಿಲ್ತಿತ್ತು. ಬೆಳಿಗ್ಗೆ ಎದ್ದು ನಿಮ್ಮ ಪಕ್ಕ ಬಂದು ಕೂರೋಕೆ ನನಗೆ ಬೇರೆ ಯಾವ ನೆಪಾನೂ ಇರಲಿಲ್ಲ."

ಒಂದು ದೀಪ ಪಟಪಟನೆ ಮಿನುಗಿ ಸರಿಹೋಯಿತು. ಅವಳು ಅದನ್ನೇ ನೋಡಿದಳು.

"ಇದು ತುಂಬಾ ಕೆಟ್ಟ ಸಂಶೋಧನೆ."

"ತುಂಬಾನೇ ಕೆಟ್ಟದು. ನಾಳೆ ಹೋಗಿ ಒಪ್ಕೋತೀನಿ."

"ಒಪ್ಕೋತೀವಿ ಅನ್ನಿ." ಅವಳು ಉಸಿರು ಎಳೆದುಕೊಂಡಳು. "ನೀವಿಲ್ಲದ ವಾರ ಅಂಗಡಿ ಖಾಲಿ ಅನ್ನಿಸ್ತು. ನನಗೊಬ್ಬಳಿಗೇ ಹಾಗಾ ಅಂತ ಅಂಕಿ ತೆಗೆದು ನೋಡಿದೆ. ಅಂಗಡಿ ನಿಜವಾಗ್ಲೂ ಖಾಲಿ ಇತ್ತು. ಆದರೆ..."

"ಆದರೆ?" ಅವನು ಕೆಳತುಟಿ ಕಚ್ಚಿಕೊಂಡ.

"ಆದರೆ, ತುಂಬಿದ್ರೂ ನನಗೆ ಖಾಲಿ ಅಂತಾನೇ ಅನ್ನಿಸ್ತಿತ್ತು."

ಈಗ ಕಿವಿ ಕೆಂಪಾದದ್ದು ಅವನದು.

ಮರುದಿನದ ಮೀಟಿಂಗಿನಲ್ಲಿ ಅವಳೇ ಎದ್ದು ನಿಂತು ಹೇಳಿದಳು. ಪರೀಕ್ಷೆ ಕೆಟ್ಟಿದೆ, ಕೆಡಿಸಿದವರು ನಾವೇ, ಕಾರಣ ಇಂಥದ್ದು. ಕೋಣೆಯೇ ಮೇಜು ಬಡಿದು ನಕ್ಕಿತು. ಈ ಸಲ ಅವಳೂ ನಕ್ಕಳು.

"ಅಂದ್ರೆ ನೀವಿಬ್ಬರೂ..." ಡೈರೆಕ್ಟರ್ ಬೆರಳನ್ನು ಅವಳಿಂದ ಅವನ ಕಡೆಗೂ ಅವನಿಂದ ಅವಳ ಕಡೆಗೂ ತಿರುಗಿಸಿದರು.

"ಅದು ವರದಿಯ ವ್ಯಾಪ್ತಿಗೆ ಬರಲ್ಲ ಸಾರ್," ಎಂದರು ಇಬ್ಬರೂ ಒಟ್ಟಿಗೆ.

ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಿತು. ಸ್ಟೂಲುಗಳ ಮೇಲೆ ಲೆಕ್ಕಪತ್ರ ವಿಭಾಗದ ಇಬ್ಬರು ಕೂತರು. ಕಚಗುಳಿ ಇಟ್ಟರೂ ನಗದವರು. ಬಂದ ಉತ್ತರ ಅವಳದೂ ಆಗಿರಲಿಲ್ಲ, ಅವನದೂ ಆಗಿರಲಿಲ್ಲ. ಕಾಫಿ ಕುಡಿದವರು ಆ ದಿನ ಹೆಚ್ಚೇನೂ ಕೊಳ್ಳಲಿಲ್ಲ. ಆದರೆ ಬೇಗ ಮರಳಿ ಬಂದರು. ಲಾಭ ಚಿಕ್ಕದು, ಆದರೂ ಅದು ಇತ್ತು. ಹೊಸ ಮೂಲೆಗಳನ್ನು ತೆರೆಯುವ ಮಾತು ಅಲ್ಲಿಗೆ ನಿಂತಿತು, ಇದ್ದದ್ದು ಉಳಿಯಿತು. ಸುದ್ದಿ ಕೇಳಿದ ಕಾಫಿ ಅಕ್ಕ ಮೆಷಿನ್ನಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದರು. ನಂತರ ಆ ಲೆಕ್ಕಪತ್ರದವರನ್ನು ಮೊದಲು ಅಲ್ಲಿಂದ ಎಬ್ಬಿಸಿ ಎಂದರು.

ಅವನ ಕರಾರು ಮುಗಿಯಿತು. ಅದರ ಮರುವಾರ ಒಂದು ಮಧ್ಯಾಹ್ನ ಅಮ್ಮ ಅವನನ್ನು ಊಟಕ್ಕೆ ಕರೆದರು. ಬಂದವನಿಗೆ ನೀರು ಕೊಟ್ಟರು, ಎತ್ತರವನ್ನು ಕಣ್ಣಲ್ಲೇ ಅಳೆದರು, ಹಸಿರು ಬಣ್ಣದ ಹೊಸ ಪರದೆ ತಂದು ಕೈಗಿಟ್ಟು ಅಡಿಗೆಮನೆಗೆ ಹೋದರು. ಅವನು ಸ್ಟೂಲು ಹತ್ತಿ, ಪರದೆ ಪೋಣಿಸಿದ ಕಂಬಿಯ ಒಂದು ತುದಿಯನ್ನು ಕಿಟಕಿಯ ಮೇಲೆ ಹಿಡಿದ. ಅವಳು ಕೆಳಗೆ ನಿಂತು ಇನ್ನೊಂದು ತುದಿ ಎತ್ತಿ ಹಿಡಿದಳು.

"ಬೇರೆ ಊರಿನ ಬ್ಯಾಂಕಿನವರು ಕರೆದಿದ್ದಾರೆ," ಎಂದ ಅವನು, ಗೋಡೆಯ ಕಡೆ ನೋಡುತ್ತ. "ಇಲ್ಲಿನ ಕಾಲೇಜಿನವರೂ ಕರೆದಿದ್ದಾರೆ."

"ಲೆಕ್ಕ ಹಾಕಿದ್ರಾ?"

"ಹಾಕಿದೆ. ಯಾವ ಕಡೆಯಿಂದ ಹಾಕಿದ್ರೂ ಬ್ಯಾಂಕೇ ಗೆಲ್ಲುತ್ತೆ."

ಅವಳ ಕೈಯಲ್ಲಿದ್ದ ಕಂಬಿಯ ತುದಿ ಸ್ವಲ್ಪ ಕೆಳಗೆ ಜಾರಿತು.

"ನಿನ್ನೆ ಕಾಲೇಜಿನವರಿಗೆ ಬರ್ತೀನಿ ಅಂದೆ."

"ನನ್ನನ್ನ ಒಂದು ಮಾತೂ ಕೇಳದೇನಾ?"

"ಈ ಊರಲ್ಲಿರೋದು ನನ್ನ ತೀರ್ಮಾನ, ಅದಕ್ಕೆ ನಿಮ್ಮನ್ನ ಕೇಳಲಿಲ್ಲ. ನಿಮ್ಮ ಜೊತೆ ಇರೋದು ನಿಮ್ಮ ತೀರ್ಮಾನ. ಅದನ್ನ ಕೇಳೋಕೇ ಬಂದೆ." ಅವನು ಈಗ ಕೆಳಗೆ ನೋಡಿದ. "ನನ್ನನ್ನ ಮದುವೆ ಆಗ್ತೀರಾ?"

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಸ್ಟೂಲ್ ಮೇಲೆ ನಿಂತು ಕೇಳೋ ಮಾತಾ ಇದು? ಮೊದಲು ಕೆಳಗಿಳೀರಿ."

ಅವನು ಅವಸರದಲ್ಲಿ ಇಳಿದ. ಕಂಬಿ ಅವನ ಕೈತಪ್ಪಿ ಕೆಳಗೆ ಬಂತು. ಅದರ ಜೊತೆ ಹೊಸ ಪರದೆಯೂ ಇಬ್ಬರ ತಲೆಯ ಮೇಲೆ ಬಿತ್ತು. ಒಳಗೆ ಮಂದ ಹಸಿರು ಬೆಳಕು. ಅವನ ಕನ್ನಡಕ ವಾರೆಯಾಗಿತ್ತು. ಅವಳು ಎರಡೂ ಕೈಯಿಂದ ಅದನ್ನು ಸರಿಮಾಡಿದಳು, ಮಾಡಿದ ಕೈಗಳನ್ನು ಅಲ್ಲೇ ಬಿಟ್ಟಳು.

"ಹೂಂ," ಎಂದಳು. "ಆಗ್ತೀನಿ ಕಣೋ."

ಸದ್ದು ಕೇಳಿ ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. ಪರದೆಯ ಅಂಚಿನ ಕೆಳಗೆ ನಾಲ್ಕು ಪಾದಗಳು ಕಂಡವು, ಎದುರುಬದುರಾಗಿ, ಅಲುಗಾಡದೆ. ಅವರು ಹೆಜ್ಜೆ ಸಪ್ಪಳವಾಗದಂತೆ ಹಿಂತಿರುಗಿ ಹೋಗಿ ಒಲೆಯ ಉರಿ ಸಣ್ಣದು ಮಾಡಿದರು.