ಶ್ಯಾಮಲಾಗೆ ಬಂದ ಅಧಿಕಾರ

ಗಂಗಾಧರಯ್ಯನವರು ತೀರಿಹೋದ ಸುದ್ದಿ ಅರಸೀಕೆರೆಯ ಆಫೀಸಿಗೆ ಬಂದದ್ದು ಆಷಾಢದ ಮೊದಲ ದಿನ, ಬಾಗಿಲು ತೆರೆದು ದೇವರ ಪಟಕ್ಕೆ ಹೂವು ಮುಡಿಸುವ ಹೊತ್ತಿಗೆ. ಹಾರನಹಳ್ಳಿಯಿಂದ ಅವರ ತಮ್ಮ ಫೋನು ಮಾಡಿದ್ದರು. ಬೆಳಗಿನ ಜಾವ ಎದೆನೋವು ಬಂದಿತಂತೆ. ನೀರು ಕೇಳಿದರಂತೆ. ತರುವಷ್ಟರಲ್ಲಿ ಜೀವ ಹೋಗಿತ್ತಂತೆ.

ಫೋನು ಎತ್ತಿದವಳು ಶ್ಯಾಮಲಾ. ರಿಸೀವರ್ ಇಡುವುದನ್ನೂ ಮರೆತು ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ಎದುರು ಮೇಜಿನ ಇಂದುಧರ ಎದ್ದು ಬಂದು ಒಂದು ಲೋಟ ನೀರು ಕೊಟ್ಟ. ಎರಡು ವರ್ಷದಿಂದ ಅವಳಿಗೆ ಮನಸ್ಸಿನ ಮಾತು ಹೇಳಬೇಕೆಂದುಕೊಂಡಿದ್ದವನು ಆ ದಿನ ಅವಳ ಕೈಯಿಂದ ರಿಸೀವರ್ ತೆಗೆದು ಅದರ ಜಾಗದಲ್ಲಿಟ್ಟ.

ಅದು ಕೊಬ್ಬರಿ, ಕಾಫಿ, ಮೆಣಸಿನ ವ್ಯಾಪಾರದ ಕಂಪನಿ. ಎರಡು ಸಾವಿರದ ನಾಲ್ಕರ ಹೊತ್ತಿಗೆ ಅರಸೀಕೆರೆ ಮತ್ತು ಬೇಲೂರಿನ ಕಂಪ್ಯೂಟರುಗಳನ್ನು ಟೆಲಿಫೋನ್ ಲೈನಿನಲ್ಲಿ ಜೋಡಿಸಿದವರು ಗಂಗಾಧರಯ್ಯನವರೇ. ಯಾರು ಏನು ತೆರೆಯಬಹುದು, ಯಾರು ದರ ತಿದ್ದಬಹುದು ಎಂಬುದೆಲ್ಲ ಕಂಪ್ಯೂಟರಿನೊಳಗಿನ ಡೈರೆಕ್ಟರಿ ಎಂಬ ಪಟ್ಟಿಯಲ್ಲಿತ್ತು. ಅದರ ಪ್ರತಿ ಎರಡೂ ಊರಿನಲ್ಲಿತ್ತು. ಒಂದರಲ್ಲಿ ತಿದ್ದಿದ್ದು ಲೈನಿನ ಮೂಲಕ ಇನ್ನೊಂದಕ್ಕೂ ಹೋಗಿ ಸೇರುತ್ತಿತ್ತು. ಬೇರೆಯವರಿಗೆ ಅಧಿಕಾರ ಕೊಡುವ ಅಡ್ಮಿನಿಸ್ಟ್ರೇಟರುಗಳು ಇಬ್ಬರೇ: ಗಂಗಾಧರಯ್ಯ ಮತ್ತು ಇಂದುಧರ. ‘ಮೊದಲು ಕಾಗದ, ಆಮೇಲೆ ಅಧಿಕಾರ’, ಬರೆದ ಆದೇಶವಿಲ್ಲದೆ ಯಾರಿಗೂ ಕೊಡಬಾರದು ಎಂಬುದು ಗಂಗಾಧರಯ್ಯನವರ ಕಟ್ಟುನಿಟ್ಟು.

ಹೋದವರ ಅಕೌಂಟನ್ನು ಅಂದೇ ಮುಚ್ಚಬೇಕೆಂಬ ನಿಯಮವನ್ನೂ ಅವರೇ ಮಾಡಿದ್ದರು. ಹಾರನಹಳ್ಳಿಗೆ ಹೊರಡುವ ಮುಂಚೆ ಇಂದುಧರ ಅದಕ್ಕೆಂದು ಡೈರೆಕ್ಟರಿ ತೆರೆದ. ಅಡ್ಮಿನಿಸ್ಟ್ರೇಟರುಗಳ ಸಾಲಿನಲ್ಲಿ ಮೂರನೆಯ ಹೆಸರು ಕಂಡಿತು: ಶ್ಯಾಮಲಾ. ಬದಲಾವಣೆಯಾದದ್ದು ಅದೇ ಬೆಳಿಗ್ಗೆ ಎಂದು ತೋರಿಸುತ್ತಿತ್ತು. ತಾನು ಮಾಡಿಲ್ಲ. ಇನ್ನೊಬ್ಬರು ಆಗಲೇ ಈ ಲೋಕದಲ್ಲಿರಲಿಲ್ಲ.

“ಗಂಗಾಧರಯ್ಯ ಸರ್ ಪಾಸ್‌ವರ್ಡ್ ನಿಮಗೆ ಗೊತ್ತಲ್ವಾ?” ಎಂದು ಶ್ಯಾಮಲಾಳನ್ನು ಮೆಲ್ಲಗೆ ಕೇಳಿದ.

“ಗೊತ್ತು. ಕಣ್ಣಿನ ಆಪರೇಷನ್ ಆದಾಗ ನಾನೇ ಟೈಪ್ ಮಾಡಿಕೊಡ್ತಿದ್ದೆ. ಯಾಕ್ರೀ?”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಓದಿದಳು. ಅತ್ತು ಕೆಂಪಾದ ಕಣ್ಣುಗಳು ಅವನ ಮುಖದ ಮೇಲೆ ನೆಟ್ಟವು.

“ನಾನೇ ಮಾಡಿದೆ ಅಂತೀರಾ?”

“ಹಾಗಂದೆನಾ?”

“ಅನ್ನಲಿಲ್ಲ. ಕೇಳಿದ್ರಿ.”

ಆ ಹೆಸರನ್ನು ಅಳಿಸಿಬಿಡುವುದು ಅವನಿಗೆ ಸುಲಭವಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕೈ ಮೌಸಿನ ಮೇಲೇ ತಡೆದು ನಿಂತದ್ದನ್ನು ಶ್ಯಾಮಲಾ ನೋಡಿದಳು.

“ಅಳಿಸಬೇಡಿ. ಸಾಹುಕಾರ್ರಿಗೆ ಹೇಳಿ. ನೀವು ಹೇಳದಿದ್ರೆ ನಾನೇ ಹೇಳ್ತೀನಿ.”

ಹೇಳಿದ. ಕಂಪನಿಯ ಸಾಹುಕಾರ ದೇವೀರಪ್ಪನವರು ಮುಖ ಗಂಟಿಕ್ಕಿದರು. “ಸತ್ತೋರು ಎದ್ದು ಬಂದು ಕೂತ್ರೇನಯ್ಯ? ನಾಳೆ ಸಂಜೆಯೊಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಆ ಹುಡುಗಿ ನಾಡಿದ್ದಿಂದ ಬರೋದು ಬೇಡ.”

ಹಾರನಹಳ್ಳಿಯಲ್ಲಿ ಇಂದುಧರ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಹೆಂಗಸರ ನಡುವೆ ನಿಂತಿದ್ದ ಶ್ಯಾಮಲಾ ಅವನತ್ತ ಒಮ್ಮೆಯೂ ತಿರುಗಲಿಲ್ಲ. “ನೆನ್ನೆ ಬೇಲೂರಿಗೆ ಹೋಗಿ ದಣಿದು ಬಂದಿದ್ದ ಅಣ್ಣ” ಎಂದು ಗಂಗಾಧರಯ್ಯನವರ ತಮ್ಮ ಯಾರಿಗೋ ಹೇಳುತ್ತಿದ್ದರು. ಆ ಮಾತು ಇಂದುಧರನ ಕಿವಿಗೆ ಬಿತ್ತು. ಹಿಂದಿನ ದಿನ ಬೀಸಿದ ಗಾಳಿಗೆ ಬೇಲೂರಿನ ಲೈನ್ ಸತ್ತುಹೋಗಿತ್ತಲ್ಲ! ಅರಸೀಕೆರೆಯ ಕಂಪ್ಯೂಟರು ತೋರಿಸಿದ್ದು ಬದಲಾವಣೆ ಬೇಲೂರಿನಿಂದ ಬಂದು ತಲುಪಿದ ಹೊತ್ತೇ ಆಗಿದ್ದರೆ? ಅದು ಹುಟ್ಟಿದ ಹೊತ್ತು ಬೇರೆಯಿದ್ದರೆ?

ಮರುದಿನ ಅವನು ಬೇಲೂರಿಗೆ ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಶ್ಯಾಮಲಾ ಆಗಲೇ ನಿಂತಿದ್ದಳು.

“ನಾನೂ ಬರ್ತೀನಿ. ಏನೇ ಇದ್ರೂ ನನ್ನ ಕಣ್ಣಾರೆ ನೋಡ್ಬೇಕು.”

ಬಸ್ಸಿನಲ್ಲಿ ಅವನು ದೂರ ನಿಂತೇ ಇದ್ದ. ಜಾವಗಲ್ಲು ದಾಟಿದ ಮೇಲೆ ಅವಳು ಪಕ್ಕದ ಸೀಟಿನಿಂದ ಬ್ಯಾಗು ತೆಗೆದಳು.

“ಕೂತ್ಕೊಳ್ಳಿ. ಕಳ್ಳಿ ಪಕ್ಕ ಕೂತ್ರೆ ಮೈಲಿಗೆಯೇನೂ ಆಗಲ್ಲ.”

“ಹಾಗೆಲ್ಲ ಅನ್ಬೇಡಿ. ನೆನ್ನೆಯಿಂದ ಅನ್ನ ಸೇರಿಲ್ಲ ನನಗೆ.”

ಅವಳು ಬ್ಯಾಗು ತೆರೆದಳು. ಎರಡು ಬಾಳೆಹಣ್ಣು ಅವನ ಮಡಿಲಿಗೆ ಬಂದವು.

ಬೇಲೂರಿನ ಆಫೀಸಿನಲ್ಲಿ ಮರಿಯಣ್ಣ ಒಬ್ಬನೇ ಇದ್ದ. ಲೈನ್ ಹಿಂದಿನ ಬೆಳಿಗ್ಗೆ ಸರಿಯಾಯಿತು ಎಂದ. ಇಂದುಧರ ಅಲ್ಲಿಯ ಸರ್ವರಿನ ದಾಖಲೆ ತೆರೆದ. ಶ್ಯಾಮಲಾ ಕುರ್ಚಿಯ ಹಿಂದೆ ಬಂದು ನಿಂತಳು. ಬದಲಾವಣೆ ಅಲ್ಲೇ ಹುಟ್ಟಿತ್ತು: ಅದೇ ಕಂಪ್ಯೂಟರಿನಲ್ಲಿ, ಗಂಗಾಧರಯ್ಯನವರ ಹೆಸರಿನಲ್ಲಿ, ಅವರು ತೀರಿಹೋಗುವ ಮುಂಚಿನ ಸಂಜೆ.

“ಅದಾ? ಅಯ್ನೋರೇ ಕೂತ್ಕಂಡು ಮಾಡಿದ್ದು ಕಣಪ್ಪಾ” ಎಂದ ಮರಿಯಣ್ಣ. “ನಾನೇ ಕಾಫಿ ತಂದ್ಕೊಟ್ಟೆ. ‘ನಾಳೆಯಿಂದ ಆಷಾಢ ಕಣೋ, ಹೊಸ ಹೊಣೆ ಕೊಡಬಾರದು. ಇವತ್ತೇ ಆ ಮಗೂಗೆ ಕೊಟ್ಬಿಡ್ತೀನಿ, ಕಾಗದ ಊರಿಗೆ ಹೋಗಿ ಬರೆದರಾಯ್ತು’ ಅಂದ್ರು. ಇಂದುಧರ ಒಳ್ಳೇವ್ನೇ, ಆದ್ರೂ ಅವನು ಮಾಡಿದ್ದನ್ನ ನೋಡೋಕೆ ಇನ್ನೊಬ್ರು ಬೇಕು ಅಂತಲೂ ಅಂದ್ರು.”

“ಮೊದಲೇ ಹೇಳೋದಲ್ವೇ ಮರಿಯಣ್ಣ!”

“ನೀವು ಕೇಳಿದ್ರೆ ತಾನೆ?”

ಬಾಳೆಲ್ಲ ಕಾಗದ ಮೊದಲು ಎಂದವರು ಆಷಾಢಕ್ಕೆ ಅಂಜಿ ಒಂದೇ ಒಂದು ಸಲ ಆ ಕ್ರಮವನ್ನು ಹಿಂದುಮುಂದು ಮಾಡಿದ್ದರು. ಆ ಕಾಗದ ಬರೆಯಲು ದೇವರು ಬಿಡುವು ಕೊಡಲಿಲ್ಲ. ಶ್ಯಾಮಲಾ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು.

ದೇವೀರಪ್ಪನವರಿಗೆ ಅಲ್ಲಿಂದಲೇ ಫೋನು ಹೋಯಿತು. “ಹುಡುಗಿ ನಾಳೆ ಬರ್ಲಿ. ಕಾಗದ ನಾನು ಬರೀತೀನಿ” ಎಂದರು.

ಹಿಂತಿರುಗುವ ದಾರಿಯಲ್ಲಿ ಇಬ್ಬರೂ ಬಸ್ಸು ಬದಲಿಸಲು ಹಳೇಬೀಡಿನಲ್ಲಿ ಇಳಿದರು. ಮುಂದಿನ ಬಸ್ಸಿಗೆ ಹೊತ್ತಿತ್ತು. ದೇವಸ್ಥಾನದ ಜಗಲಿಯ ಅಂಚಿನಲ್ಲಿ ಕುಳಿತರು.

“ಸಾಹುಕಾರ್ರಿಗೆ ಹೇಳಿದ್ದಕ್ಕೆ ನನ್ನ ಮೇಲೆ ಕೋಪ ಇದೆಯಾ?”

“ಹೇಳಿದ್ದಕ್ಕಲ್ಲ. ನನಗೋಸ್ಕರ ಅಳಿಸಿದ್ರೆ ನಿಮ್ಮನ್ನ ಯಾವತ್ತೂ ನಂಬ್ತಿರಲಿಲ್ಲ. ಪಾಸ್‌ವರ್ಡ್ ಗೊತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ ಕೋಪ.” ಓರೆಗಣ್ಣಿನಲ್ಲಿ ನೋಡಿದಳು. “ನಾಳೆಯಿಂದ ನೀವು ಮಾಡಿದ್ದನ್ನೆಲ್ಲ ನಾನು ನೋಡ್ತೀನಿ. ತಪ್ಪು ಸಿಕ್ರೆ ಬಿಡಲ್ಲ.”

“ಬಿಡಬೇಡಿ. ಜೀವನ ಪೂರ್ತಿ ನೋಡಿ.” ಬಾಯಿಂದ ಬಂದುಬಿಟ್ಟಿತ್ತು. ಅವನ ಕಿವಿ ಕೆಂಪಾಯಿತು. “ಆಷಾಢ ಕಳೀಲಿ. ಮನೆಗೆ ಬಂದು ನಿಮ್ಮ ತಂದೇರನ್ನ ಕೇಳ್ತೀನಿ.”

“ಅಪ್ಪನ್ನ ಕೇಳೋಕೆ ಆಷಾಢ ಕಳೀಬೇಕು, ಸರಿ. ನನ್ನ ಕೇಳೋಕೆ?”

“ಕೇಳ್ತಿದೀನಲ್ಲ, ಶ್ಯಾಮಲಾ. ಒಪ್ಪಿಗೇನಾ?”

ಅವಳು ತಲೆ ತಗ್ಗಿಸಿ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. “ಒಪ್ಪಿಗೆ ಕಣ್ರೀ. ಸರ್ ಇದ್ದಿದ್ರೆ ಮೊದಲು ಅವರಿಗೇ ಹೇಳ್ತಿದ್ದೆ.”

ಇಬ್ಬರೂ ಎದ್ದು ಒಳಗೆ ಹೋದರು. ತಂಪು ಕತ್ತಲೆಯಲ್ಲಿ ಲಿಂಗದ ಮುಂದೆ ಒಂದೇ ದೀಪವಿತ್ತು. ತಮ್ಮಿಬ್ಬರಿಗಾಗಿ ಏನನ್ನೂ ಬೇಡದೆ ಇಂದುಧರ ಕೈಮುಗಿದು ಕಣ್ಣು ಮುಚ್ಚಿದ:

“ಶಿವನೇ, ನಮ್ಮ ಗಂಗಾಧರಯ್ಯನವರು ದಣಿದು ನಿನ್ನ ಹತ್ತಿರ ಬಂದಿದ್ದಾರೆ. ಯಾರಿಗೂ ಕೇಡು ಬಯಸದ ಜೀವ. ನಿನ್ನ ಪಾದದ ನೆರಳಿನಲ್ಲಿ ಅವರಿಗೆ ಶಾಂತಿ ಕೊಡು, ತಂದೆ.”